ಜೋಪಾನ ಅಂದದ್ದು ನಾನೇ

ಉತ್ತಮಪಾಳಯದ ಒಂದು ಶಾಲೆಯಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಕಾಷನ್, ವಾರ್ನಿಂಗ್, ಡೇಂಜರ್, ಪಾಯ್ಸನ್ ಎಂದು ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬರೆದು, ಒಂದಕ್ಕಿಂತ ಒಂದು ಹೇಗೆ ಜೋರು ಅಂತ ಹೇಳಿಕೊಡುವುದೂ ಆ ಪಾಠದಲ್ಲಿದೆ. ಈಗ ಅದು ಬಂದರೆ ಮೈ ಉರಿಯುತ್ತದೆ. ನೆಲ ಒದ್ದೆಯಾದರೂ ಕಾಷನ್ನಂತೆ! ಟ್ರಾನ್ಸ್‌ಫಾರ್ಮರ್ ಮೇಲೂ ಡೇಂಜರ್, ಪಡ್ಡೆ ಹುಡುಗರ ಬನಿಯನ್ ಮೇಲೂ ಡೇಂಜರ್. ಎಲ್ಲೆಂದರಲ್ಲಿ ಅಂಟಿಸಿಟ್ಟರೆ ಯಾರು ತಾನೇ ಹೆದರುತ್ತಾರೆ?

ನಮ್ಮ ಮನೆಮಾತು ಕನ್ನಡ. ಯಾವ ಕಾಲದಲ್ಲೋ ಈ ತಮಿಳು ಸೀಮೆಗೆ ಬಂದು ನೆಲೆಸಿದವರದ್ದು, ಅರ್ಧ ತಮಿಳು ಬೆರೆತದ್ದು. ಅದರಲ್ಲಿ ಆ ಮೆಟ್ಟಿಲುಗಳೆಲ್ಲ ಇಲ್ಲ. ಇರುವುದು ಒಂದೇ ಮಾತು, ಜೋಪಾನ. ಬಸ್ಸು ಹತ್ತುವವರಿಗೂ ಜೋಪಾನ, ಬಿಸಿ ಪಾತ್ರೆ ಹಿಡಿದವರಿಗೂ ಜೋಪಾನ. ಒಡವೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡುವುದೂ ಜೋಪಾನವೇ. ಹಾಗೆಯೇ ಮದ್ದು. ಕೆಮ್ಮಿಗೆ ಕುಡಿಯುವುದೂ ಮದ್ದು, ದ್ರಾಕ್ಷಿ ಚಪ್ಪರಕ್ಕೆ ಹೊಡೆಯುವುದೂ ಮದ್ದು.

ಹೋದ ವರ್ಷ ಅಪ್ಪ ಪೇಟೆಯಿಂದ ದ್ರಾಕ್ಷಿಗೆ ಮದ್ದು ತಂದ. ಅಂಗಡಿಯವನು ರಟ್ಟಿನ ಪೆಟ್ಟಿಗೆಯನ್ನೂ ಅದರೊಳಗಿನ ತಮಿಳು ಕಾಗದವನ್ನೂ ಬಿಸಾಕಿ ಬರೀ ಬಾಟಲಿ ಕೊಟ್ಟಿದ್ದ. ಮೇಲೆ ಇದ್ದದ್ದೆಲ್ಲ ಇಂಗ್ಲಿಷ್. ಬೆಳಿಗ್ಗೆ ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುವಾಗ ಅವ್ವ ಬಾಟಲಿ ಹಿಡಿದು ಬಂದಳು.

"ಏನ್ ಬರ್ದವ್ರೆ ಇದ್ರ ಮ್ಯಾಲೆ, ಓದೇಳು."

ಡೇಂಜರ್ ಅಂತ ದಪ್ಪಕ್ಷರದಲ್ಲಿತ್ತು. ಬಸ್ಸಿನ ಹಾರ್ನ್ ಆಗಲೇ ಕೇಳುತ್ತಿತ್ತು.

"ಚಪ್ಪರದ ಮದ್ದು ಕಣವ್ವ. ಜೋಪಾನ ಅಂತ ಬರ್ದವ್ರೆ," ಅಂದು ಓಡಿದೆ.

ಅವ್ವ ಜೋಪಾನ ಮಾಡಿದಳು. ಹಿತ್ತಲಲ್ಲಿ ಇಟ್ಟರೆ ಕೋಳಿ ಉರುಳಿಸೀತು ಅಂತ ಅಡುಗೆಮನೆಯ ಗೋಡೆಗೂಡಿನಲ್ಲಿ, ಟಾನಿಕ್ಕು ಮಾತ್ರೆಗಳ ಪಕ್ಕ ಎತ್ತಿಟ್ಟಳು.

ಮಿಕ್ಕದ್ದು ಅವಳೇ ಆಮೇಲೆ ಹೇಳಿದ್ದು. ಅಪ್ಪನಿಗೆ ವಾರದಿಂದ ಕೆಮ್ಮು, ನೆಗಡಿಯಿಂದ ಮೂಗು ಕಟ್ಟಿತ್ತು. ತೋಟಕ್ಕೆ ಹೊರಡುವ ಮುಂಚೆ ಕೇಳಿದನಂತೆ, "ಮದ್ದೆಲ್ಲಿ ಮಡಗ್ದೆ?" ತೋಟಕ್ಕೆ ಒಯ್ಯಲು ಕೇಳುತ್ತಿದ್ದಾನೆ ಅಂದುಕೊಂಡು ಅವ್ವ ಒಲೆ ಮುಂದಿನಿಂದ ಏಳದೆ, "ಗೂಡಲ್ಲಿ ಜೋಪಾನ ಮಾಡಿ ಮಡಗಿವ್ನಿ, ತಕ್ಕಳಿ," ಅಂದಳು. ಅವನು ಕೇಳಿದ್ದು ಕೆಮ್ಮಿನದು. ಗೂಡಿನ ಕತ್ತಲೆಯಲ್ಲಿ ಕೈಗೆ ಸಿಕ್ಕ ಬಾಟಲಿಯಿಂದ ಒಂದು ಮುಚ್ಚಳ ಬಗ್ಗಿಸಿ ಕುಡಿದುಬಿಟ್ಟ.

ತೇನಿಯ ಆಸ್ಪತ್ರೆಯಲ್ಲಿ ಅಪ್ಪ ಉಳಿಯುತ್ತಾನೋ ಇಲ್ಲವೋ ಅಂತ ನಾಲ್ಕು ದಿನ ಯಾರೂ ಬಾಯಿ ಬಿಡಲಿಲ್ಲ. ಐದನೆಯ ದಿನ ಕಣ್ಣು ಬಿಟ್ಟ. ನಾನು ಅಲ್ಲಿಂದ ನೇರ ಅಂಗಡಿಗೆ ಹೋಗಿ, ಜನ ಸೇರುವ ಹಾಗೆ ಬಾಯಿಗೆ ಬಂದದ್ದೆಲ್ಲ ಬೈದೆ. ಅಂಗಡಿಯವನು ತಕ್ಕಡಿ ಒರೆಸುತ್ತ, ತಲೆ ಕೂಡ ಎತ್ತದೆ, "ಬಾಟಲ್‌ಲ ಪೋಟ್ಟಿರುಕ್ಕೇ ಟೀಚರ್, ಪಡಿಕ್ಕಲಿಯಾ?" ಅಂದ. ಬಾಟಲಿಯ ಮೇಲೆ ಹಾಕಿದೆಯಲ್ಲ, ಓದಲಿಲ್ಲವಾ ಅಂತ. ಅವನ ನಾಲಿಗೆ ಸೇದಿಹೋಗ! ಅಲ್ಲೇ ನಿಂತು ಶಪಿಸಿದೆ.

ಅಪ್ಪ ಮನೆಗೆ ಬಂದ. ಈಗ ಗಂಜಿ ಬಿಟ್ಟು ಬೇರೇನೂ ಇಳಿಯುವುದಿಲ್ಲ, ಮಾತಾಡಿದರೆ ಬರೀ ಗಾಳಿ ಬರುತ್ತದೆ. ಅವ್ವ ಅವನಿಗೆ ಚಮಚದಲ್ಲಿ ಕುಡಿಸುತ್ತಾಳೆ, ನನ್ನ ಮುಖ ನೋಡುವುದಿಲ್ಲ. ಒಂದು ಭಾನುವಾರ ನನಗೂ ತಾಳ್ಮೆ ಕೆಟ್ಟಿತು.

"ನಾನು ಏನನ್ಬೇಕಿತ್ತು, ನೀನೇ ಹೇಳವ್ವ!"

"ವಿಸ ಅನ್ಬೇಕಿತ್ತು," ಅಂದಳು ಅವ್ವ. "ಅದೊಂದ್ ಮಾತು ಅಂದಿದ್ರೆ ನಾನು ಅದನ್ನ ಹೊಸ್ಲು ದಾಟುಸ್ತಿದ್ನಾ? ಇಷ್ಟೆಲ್ಲ ಓದ್ದೋಳ್ಗೆ ಆ ಮಾತು ಗೊತ್ತಿರ್ನಿಲ್ವಾ?"

ಗೊತ್ತಿತ್ತು. ನಾನು ಹತ್ತು ವರ್ಷದವಳಿದ್ದಾಗ, ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಮನೆಯೊಳಗೆ ಆ ಮಾತು ಆಡಿದೆ ಅಂತ ಬಾಯಿ ಮೇಲೆ ಹೊಡೆದವಳು ಇದೇ ಅವ್ವ. ಸಾವು, ವಿಷ, ಹೆಣ, ಇವೆಲ್ಲ ನಮ್ಮ ಮನೆಯಲ್ಲಿ ಬಾಯಿಂದ ಬರಕೂಡದ ಮಾತುಗಳು. ಅದು ಅವಳಿಗೂ ನೆನಪಾಯಿತು ಅಂತ ಕಾಣುತ್ತದೆ. ಚಮಚ ಹಿಡಿದ ಕೈ ಹಾಗೇ ನಿಂತಿತು.

"ನಾ ಹೊಡ್ದಿದ್ದೆ. ಅದ್ಕೇ ಅನ್ನಿಲ್ವಾ ನೀನು?"

ಔದು ಅಂದುಬಿಟ್ಟಿದ್ದರೆ ಅರ್ಧ ತಪ್ಪು ಅವಳ ತಲೆಗೆ ಹೋಗುತ್ತಿತ್ತು. ನನಗೆ ಅಷ್ಟು ಸಿಟ್ಟಿತ್ತು, ಆ ಮಾತು ನಾಲಿಗೆ ತುದಿಯವರೆಗೂ ಬಂದಿತ್ತು. ಅಪ್ಪ ನನ್ನನ್ನೇ ನೋಡುತ್ತಿದ್ದ.

"ಇಲ್ಲವ್ವ," ಅಂದೆ. "ಬಸ್ ಬಂದ್ಬುಟ್ಟಿತ್ತು."