ಸುಣ್ಣದಡಿಯ ಎಣ್ಣೆ

ಹನೂರಿನ ದಾರಿಯಲ್ಲಿ ಬೈಕು ರಿಪೇರಿ ಮಾಡುವವನೊಬ್ಬನಿದ್ದ. ಸಿಟ್ಟು ಬಂದರೆ ಕೈಯನ್ನು ಅಂಗಿಗೇ ಒರೆಸಿಕೊಂಡು, "ಇದ್ಯಾವ ನ್ಯಾಯ?" ಎನ್ನುತ್ತಿದ್ದ.

ಎದುರಿನ ಸರ್ಕಾರಿ ಕಚೇರಿಯಲ್ಲಿ ಹೆಂಗಸರ ಶೌಚಾಲಯಕ್ಕೆ ಸದಾ ಬೀಗ. ಪಿಂಚಣಿಗೆಂದು ಶಾಗ್ಯ ಹಳ್ಳಿಯಿಂದ ಬಂದ ಮುದುಕಿಯರು ಅವನ ಶೆಡ್ಡಿನ ಹಿಂದೆ ಬೇಲಿಯ ಮರೆಗೆ ಹೋಗಬೇಕಿತ್ತು. ಒಂದು ದಿನ ಅವನು ಎಂಜಿನ್ನಿನಿಂದ ಇಳಿಸಿದ ಕಪ್ಪು ಆಯಿಲಿನಲ್ಲಿ ಬಟ್ಟೆ ಅದ್ದಿ, ಕಚೇರಿ ಗೋಡೆಯ ಮೇಲೆ "ಬೀಗ ತೆಗೀರಿ" ಎಂದು ಬರೆದ. ಪಕ್ಕದಲ್ಲೇ ಯಾರೋ ಮುಖಂಡರ ಹುಟ್ಟುಹಬ್ಬದ ಶುಭಾಶಯವಿತ್ತು. ಆ ಶುಭಾಶಯ ಯಾರಿಗೂ ಅಪರಾಧವಾಗಿ ಕಾಣಲಿಲ್ಲ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕಚೇರಿಯ ಸಾಹೇಬರು ಕೇಸಿನ ಹೆದರಿಕೆ ಹಾಕಿ ಅವನ ಕೈಯಲ್ಲೇ ಸುಣ್ಣ ಬಳಿಸಿದರು. ವಾರದೊಳಗೆ ಎಣ್ಣೆ ಸುಣ್ಣವನ್ನು ದಾಟಿ, ಅಕ್ಷರಗಳು ಮತ್ತೆ ಎದ್ದು ಬಂದವು. ಸಾಹೇಬರು ಕೂಗಾಡಿದರು. ಅವನು ಕೈಯನ್ನು ಅಂಗಿಗೆ ಒರೆಸಿಕೊಂಡ.

"ಈ ಸಲ ನಾನು ಬರ್ದಿಲ್ಲ ಸಾ. ಗೋಡೆನೇ ಬರ್ದದೆ. ಅದ್ರ ಮೇಲೇ ಕೇಸ್ ಆಕಿ."