ಸೊಳ್ಳೆಬತ್ತಿ ಹಚ್ಚಬಾರದ ಮನೆ

ಶಿರೀಷಾಳ ತಲೆಯೊಳಗೆ ಒಂದು ಸೊಳ್ಳೆ ಸಂಸಾರ ಹೂಡಿತ್ತು. ಬಾಡಿಗೆ ಇಲ್ಲ, ಅಡ್ವಾನ್ಸ್ ಇಲ್ಲ, ಹಗಲೂ ಇರುಳೂ ಗುಂಯ್ ಅನ್ನುವುದೊಂದೇ ಕೆಲಸ. ಅದು ಡೆಂಗಿ ಸೊಳ್ಳೆಯೇ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಒಂದೂವರೆ ವರ್ಷದ ಮಗಳು ತನುಜಳ ಕೆನ್ನೆಯಲ್ಲಿ ಕೆಂಪು ಚುಕ್ಕೆ ಕಂಡರೆ ಸಾಕು, ಫೋಟೊ ತೆಗೆಯುವಳು. ಬೆಳಗಿನ ಫೋಟೊ ಪಕ್ಕ ಸಂಜೆಯದನ್ನಿಟ್ಟು ಚುಕ್ಕೆ ಬೆಳೆದಿದೆಯಾ ಎಂದು ನೋಡುವಳು. ಚುಕ್ಕೆ ಬೆಳೆಯುತ್ತಿರಲಿಲ್ಲ. ಮಗು ಬೆಳೆಯುತ್ತಿತ್ತು, ಅದನ್ನು ಗಮನಿಸಲು ಅವಳಿಗೆ ಪುರುಸೊತ್ತಿರಲಿಲ್ಲ.

ಗಂಡ ಸಿದ್ಧಾರ್ಥನನ್ನು ಬ್ಯಾಂಕಿನವರು ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ವರ್ಗ ಮಾಡಿದಾಗ ಮನೆ ಹುಡುಕುವುದನ್ನು ಶಿರೀಷಾ ಎಂಟ್ರೆನ್ಸ್ ಪರೀಕ್ಷೆಯ ಮಟ್ಟಕ್ಕೆ ಏರಿಸಿದಳು. ಲ್ಯಾಪ್‌ಟಾಪಿನಲ್ಲಿ ಪಟ್ಟಿ: ಮಕ್ಕಳ ಡಾಕ್ಟರು ಎಷ್ಟು ದೂರ, ನೀರು ಯಾವಾಗ ಬರುತ್ತೆ, ಬೀದಿನಾಯಿ ಎಷ್ಟು. ಚಿಕ್ಕಬಳ್ಳಾಪುರದ ಮನೆಯಲ್ಲಿ ಹೈವೇ ಲಾರಿಗಳು ಹಾಲ್‌ನೊಳಗಿಂದಲೇ ಹಾದುಹೋಗುವ ಹಾಗಿತ್ತು. ಶಿಡ್ಲಘಟ್ಟದ ಒಂದು ಮನೆ ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಪಕ್ಕ. ಬೇಯುವ ಗೂಡಿನ ವಾಸನೆಗೆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ. ಮೂರನೆಯ ಮನೆಯ ಓನರು ಬಹಳ ಮರ್ಯಾದಸ್ಥರು. ಕಾಫಿ ಕೊಟ್ಟು, ದೇವರ ಕೋಣೆಯಲ್ಲಿ ಯಾವ ಫೋಟೊ ಇಡ್ತೀರಿ ಎಂದು ನಯವಾಗಿ ವಿಚಾರಿಸಿದರು. ಬುದ್ಧ, ಅಂದ ಸಿದ್ಧಾರ್ಥ. ಆ ಮನೆ ನಿನ್ನೆಯೇ ಬೇರೆಯವರಿಗೆ ಹೋಗಿತ್ತು ಎಂಬುದು ಅವರಿಗೆ ಆಗ ತಟ್ಟನೆ ನೆನಪಾಯಿತು.

ಲಕ್ಷ್ಮಿದೇವಮ್ಮ ಅದ್ಯಾವುದನ್ನೂ ಕೇಳಲಿಲ್ಲ. ಚಿಂತಾಮಣಿ ರಸ್ತೆಯ ಕಡೆ, ಊರು ಮುಗಿದು ಹಿಪ್ಪುನೇರಳೆ ತೋಟ ಶುರುವಾಗುವಲ್ಲಿ ಅವರ ಮನೆ. ಮೇಲ್ಮಹಡಿ ಬಾಡಿಗೆಗೆ, ಹಿತ್ತಲಲ್ಲಿ ರೇಷ್ಮೆಹುಳ ಸಾಕುವ ಉದ್ದನೆಯ ಶೆಡ್ಡು. ಏನು ತಿಂತೀರಿ, ಯಾರು ಬಂದುಹೋಗ್ತಾರೆ, ಯಾವ ವಿಚಾರಣೆಯೂ ಇಲ್ಲ.

"ಸೊಳ್ಳೆಬತ್ತಿ ಹಚ್ತೀರಾ?" ಅಂದರು. "ಹಚ್ಚಂಗಿಲ್ಲ. ಕರೆಂಟಿಗೆ ಸಿಗಿಸೋ ಮಿಷನ್ನೂ ಬೇಡ, ಸ್ಪ್ರೇನೂ ಬೇಡ. ಮಿಕ್ಕಿದ್ದು ಏನಾದ್ರೂ ಮಾಡ್ಕೊಳ್ರಮ್ಮ."

ಮಿಕ್ಕಿದ್ದು ಏನಾದ್ರೂ! ಅಷ್ಟು ದೊಡ್ಡ ಸ್ವಾತಂತ್ರ್ಯವನ್ನು ಯಾವ ಓನರೂ ಕೊಟ್ಟಿರಲಿಲ್ಲ. ಶಿರೀಷಾ ಪಟ್ಟಿಯನ್ನು ಪಕ್ಕಕ್ಕಿಟ್ಟು ಒಪ್ಪಿಬಿಟ್ಟಳು. ಸೊಳ್ಳೆಪರದೆ ಇದೆಯಲ್ಲ, ಮಗು ಅದರೊಳಗಿರುತ್ತೆ ಅಂದುಕೊಂಡಳು. ಮೂರು ದಿನಕ್ಕೆ ತನುಜ ಪರದೆಯನ್ನು ಎಳೆದು ಸೀರೆಯ ಹಾಗೆ ಸುತ್ತಿಕೊಂಡು ಮನೆಯೆಲ್ಲ ಓಡಾಡಿದಳು.

ಬಂದ ಮೂರನೆಯ ಭಾನುವಾರ, ಅಕ್ಕಪಕ್ಕದವರೊಡನೆ ಹೊಂದಿಕೊಳ್ಳೋಣವೆಂದು ಶಿರೀಷಾ ತಲೆ ಬಾಚಿ, ಒಂಚೂರು ಸೆಂಟ್ ಹಾಕಿಕೊಂಡು, ಡಬ್ಬಿಯಲ್ಲಿ ಕೇಸರಿಬಾತ್ ಹಿಡಿದು ಹುಳದ ಶೆಡ್ಡಿಗೆ ಹೋದಳು. ಬಾಗಿಲಿಗೆ ಇನ್ನೂ ನಾಲ್ಕು ಹೆಜ್ಜೆ ಇರುವಾಗಲೇ ಒಳಗಿಂದ ಲಕ್ಷ್ಮಿದೇವಮ್ಮನ ಗಂಟಲು ಮೊಳಗಿತು.

"ಅಲ್ಲೇ ನಿಲ್ಲು. ಒಳಗೆ ಬರ್ಬೇಡ."

ಕಾರಣ ಹೇಳಲಿಲ್ಲ, ಅವರ ಕೈತುಂಬ ಸೊಪ್ಪಿತ್ತು. ಶಿರೀಷಾಳ ಅಜ್ಜಿ ಹೇಳುತ್ತಿದ್ದ ಕೇರಿಯ ಕತೆಗಳಲ್ಲಿ ಈ ಮಾತು ಬೇಕಾದಷ್ಟು ಸಲ ಬಂದಿತ್ತು. ಇಲ್ಲೂ ಅದೇನಾ, ಸ್ವಲ್ಪ ತಡವಾಗಿ ಅಷ್ಟೇ, ಅಂದುಕೊಂಡಳು. ಮೇಲೆ ಬಂದು ಕೇಸರಿಬಾತನ್ನೆಲ್ಲ ಸಿಟ್ಟಿನಲ್ಲಿ ತಾನೇ ತಿಂದಳು. ಅದೇ ಹೊತ್ತಿಗೆ ಮಗುವಿನ ತೋಳಲ್ಲಿ ಮೂರು ಹೊಸ ಚುಕ್ಕೆ ಕಾಣಬೇಕೆ?

ಸೋಮವಾರ ನಗರಸಭೆಗೆ ಫೋನ್ ಮಾಡಿ ಸೊಳ್ಳೆ ಕೊಲ್ಲುವ ಹೊಗೆ ಗಾಡಿ ಕಳಿಸಿ ಅಂದಳು. ಆ ಕಡೆಯವನು ಊರು ಬಲ್ಲವನು. ಅಕ್ಕಪಕ್ಕ ಹುಳದ ಮನೆ ಇದೆಯಾ ಮೇಡಂ, ಎಂದು ಎರಡು ಸಲ ಕೇಳಿದ. ಎರಡು ಸಲವೂ ಶಿರೀಷಾ ಇಲ್ಲ ಅಂದಳು. ಹಾಗಾದರೆ ಬುಧವಾರ ಸಂಜೆ ಐದಕ್ಕೆ ಬರುತ್ತೆ ಅಂದ.

ಬುಧವಾರ ನಾಲ್ಕೂಮುಕ್ಕಾಲಿಗೆ ಅವಳು ಮಗುವಿಗೂ ತನಗೂ ನೆತ್ತಿಯಿಂದ ಪಾದದವರೆಗೆ ಸೊಳ್ಳೆ ಕ್ರೀಮ್ ಬಳಿದುಕೊಂಡು ಬಾಲ್ಕನಿಯಲ್ಲಿ ನಿಂತಿದ್ದಳು. ಕೆಳಗೆ ಲಕ್ಷ್ಮಿದೇವಮ್ಮನ ಗಂಡ ಚೆನ್ನರಾಯಪ್ಪ ಟೀ ಅಂಗಡಿಯಿಂದ ಬಂದವರು ಶೆಡ್ಡಿನ ಕಡೆ ನಡೆದರು.

"ಅಲ್ಲೇ ನಿಲ್ಲು. ಒಳಗೆ ಬರ್ಬೇಡ."

ಅದೇ ಗಂಟಲು, ಅದೇ ಮಾತು. ಮದುವೆಯಾಗಿ ಮೂವತ್ತು ವರ್ಷವಾದ ಗಂಡ ಪೆಚ್ಚಾಗಿ ನಿಂತರು.

"ಬೀಡಿ ಸೇದ್ಕೊಂಡು ಬಂದಿದೀಯ ತಾನೇ? ಮೊನ್ನೆ ಆ ಹುಡುಗಿ ಸೆಂಟ್ ಹಾಕ್ಕೊಂಡು ಬಂದ್ಲು, ಇವತ್ತು ನೀನು. ನಾಳೆ ನಾಡಿದ್ದರಲ್ಲಿ ಗೂಡು ಕಟ್ಟೋ ಹುಳ ಕಣಯ್ಯ. ಒಂಚೂರು ವಿಷದ ಹೊಗೆ ತಾಕಿದ್ರೂ ಎಲ್ಲಾ ತಿಪ್ಪೆಗೇ."

ಚೆನ್ನರಾಯಪ್ಪ ನಲ್ಲಿಗೆ ಹೋಗಿ ಕೈಕಾಲು ತೊಳೆದು, ಅಂಗಿ ಬಿಚ್ಚಿ ತಂತಿಗೆ ಹಾಕಿ, ಬಾಗಿಲ ಬಳಿಯ ಬ್ಲೀಚಿಂಗ್ ಪೌಡರ್ ತುಳಿದು, ಬನಿಯನ್ನಲ್ಲೇ ಒಳಗೆ ಹೋದರು.

ಗಾಡಿ ಬೇಡ ಅನ್ನಲು ಶಿರೀಷಾ ನಗರಸಭೆಗೆ ಮೂರು ಸಲ ರಿಂಗ್ ಮಾಡಿದಳು, ಯಾರೂ ಎತ್ತಲಿಲ್ಲ. ಹಿಂದಿನ ಬೀದಿಯಲ್ಲಿ ಗಾಡಿಯ ಡಗಡಗ ಸದ್ದು ಕೇಳತೊಡಗಿತು. ಕೆಳಗೆ ಓಡಿಹೋಗಿ ಹೇಳೋಣವೆಂದರೆ ಮೈಗೆಲ್ಲ ಕ್ರೀಮು; ಶೆಡ್ಡಿನ ಹತ್ತಿರ ಸುಳಿಯಲು ಚೆನ್ನರಾಯಪ್ಪನಷ್ಟೂ ಯೋಗ್ಯತೆ ಇರಲಿಲ್ಲ. ಫೋನ್ ಮಾಡಬಹುದಿತ್ತು. ಮಾಡಿದರೆ ಗಾಡಿ ಕರೆಸಿದ್ದು ಯಾರು ಅನ್ನುವುದನ್ನೂ ಹೇಳಬೇಕಿತ್ತು. ಪರಊರಲ್ಲಿ ಸಿಕ್ಕ ಒಂದೇ ಒಂದು ಮನೆ. ಡಗಡಗ ತಿರುವಿಗೆ ಬಂತು. 'ಓನರ್ ಆಂಟಿ' ಎಂಬ ಹೆಸರನ್ನು ಅವಳು ಒತ್ತಿದಳು.

"ಆಂಟಿ, ಶೆಡ್ಡಿನ ಕಿಟಕಿ ಎಲ್ಲಾ ಮುಚ್ಚಿ. ಹೊಗೆ ಗಾಡಿ ಬರ್ತಿದೆ. ಕರೆಸಿದ್ದು ನಾನೇ. ಇಲ್ಲಿ ಹುಳದ ಮನೆ ಇಲ್ಲ ಅಂತ ಸುಳ್ಳು ಹೇಳ್ಬಿಟ್ಟೆ."

ಫೋನಿನಲ್ಲಿ ಪಂಕ್ತಿಗೆ ಕೂತ ನೂರು ಜನ ಒಟ್ಟಿಗೆ ಹಪ್ಪಳ ಮುರಿಯುವಂಥ ಸದ್ದು ಕೇಳಿಸಿತು. ಹುಳಗಳು ಸೊಪ್ಪು ತಿನ್ನುತ್ತಿದ್ದವು.

"ಕಿಟಕಿ ನಮ್ಮೋರು ಮುಚ್ತಾರೆ," ಅಂದರು ಲಕ್ಷ್ಮಿದೇವಮ್ಮ. "ನೀನು ಹೋಗಿ ಗಾಡಿಗೆ ಅಡ್ಡ ನಿಂತ್ಕೊ. ಮಗೂನೂ ಎತ್ಕೊಂಡು ಹೋಗು, ಬೇಗ ನಿಲ್ಲಿಸ್ತಾನೆ. ಬೈಯೋದು ಆಮೇಲೆ ಇಟ್ಕೊಳಣ."