ಪಾಯಕ್ಕೆ ಹಿಡಿದ ಶೀತ

ಬೆಂಗಳೂರಿನಲ್ಲಿ ಚಳಿಗೆ ಗಟ್ಟಿಯಾಗುವ ವಸ್ತು ಒಂದೇ, ಕೊಬ್ಬರಿ ಎಣ್ಣೆ. ಅದೂ ಕಿಟಕಿಯ ಬಿಸಿಲಿಗಿಟ್ಟರೆ ತಿಂಡಿ ಆಗುವಷ್ಟರಲ್ಲಿ ಕರಗುತ್ತದೆ. ಇಂಥ ಬಡಪಾಯಿ ಚಳಿ ಶಂಕರಪುರದ ನಮ್ಮ ಮನೆಯ ಪಾಯವನ್ನೇ ಎತ್ತಿಹಾಕುತ್ತಿದೆ ಎಂದು ಕೆಲವು ವರ್ಷಗಳ ಹಿಂದೆ ನನ್ನ ಗಂಡ ಸಾರಿದಾಗ ನಾನು ಸೌಟು ಹಿಡಿದುಕೊಂಡೇ ನಕ್ಕುಬಿಟ್ಟೆ. ಅವರು ನಗಲಿಲ್ಲ. ಮಂಕಿ ಕ್ಯಾಪು ಹಾಕಿಕೊಂಡರೆ ನಗುವುದಕ್ಕೆ ಜಾಗವೂ ಉಳಿಯುವುದಿಲ್ಲ.

ಆಗಿದ್ದು ಇಷ್ಟು. ಅತ್ತೆಯ ಕೋಣೆಯ ಬೀದಿ ಕಡೆ ಗೋಡೆ ಬಿರುಕು ಬಿಟ್ಟಿತ್ತು. ಹಿಂದಿನ ಚಳಿಗಾಲದಲ್ಲಿ ಕೂದಲೆಳೆಯಷ್ಟಿದ್ದದ್ದು ಈ ಸಲ ಬಳಪ ತೂರಿಸುವಷ್ಟಾಯಿತು, ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳತೊಡಗಿತು. ಗಂಡ ಮೊಬೈಲಿನಲ್ಲಿ ಹುಡುಕಿದರು. ಸರ್ಕಾರಿ ಕಚೇರಿಯಿಂದ ನಿವೃತ್ತರಾದ ಮೇಲೆ ಅವರಿಗೆ ತಿಳಿಯದ ವಿಷಯವಿಲ್ಲ. ಹಿಮ ಬೀಳುವ ದೇಶಗಳಲ್ಲಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಉಬ್ಬುತ್ತದಂತೆ, ಉಬ್ಬಿ ಪಾಯವನ್ನು ಮೇಲಕ್ಕೆ ನೂಕುತ್ತದಂತೆ, ಕರಗಿದಾಗ ಮನೆ ಕುಸಿದು ಗೋಡೆ ಸೀಳುತ್ತದಂತೆ. ಎಲ್ಲ ನಿಜವೇ ಇರಬೇಕು, ಆ ದೇಶದವರಿಗೆ. ಇಲ್ಲಿ ನೀರು ಹೆಪ್ಪುಗಟ್ಟಬೇಕಾದರೆ ಫ್ರಿಜ್ಜಿನಲ್ಲಿಡಬೇಕು ಎಂದೆ. ಹಾಗಾದರೆ ಮಳೆಗಾಲದಲ್ಲಿ ಬಿಡದ ಬಿರುಕು ಚಳಿಗಾಲದಲ್ಲೇ ಏಕೆ ಬಿಡುತ್ತದೆ ಎಂದು ಅವರು ಕೇಳಿದರು. ನಾನು ಸಾರು ಕದಡಲು ಒಲೆಯ ಕಡೆ ತಿರುಗಿದೆ.

ಆಮೇಲೆ ಮೇಸ್ತ್ರಿ ಬಂದ. ಗೋಡೆ ತಟ್ಟಿದ, ಬುಡದ ಮಣ್ಣು ಕೆದಕಿದ, "ಪಾಯಕ್ಕೆ ಶೀತ ಹಿಡ್ದಿದೆ ಸಾರ್" ಅಂದ. ಅಷ್ಟರಲ್ಲಿ ಇನ್ನೆಲ್ಲಿಂದಲೋ ಫೋನು ಬಂದು, ನಾಳೆ ಬರುತ್ತೇನೆಂದು ಹೋದವನು ಆ ನಾಳೆಯನ್ನು ತೋರಿಸಲೇ ಇಲ್ಲ. ಶೀತವೆಂದರೆ ಅವನ ಬಾಯಲ್ಲಿ ತೇವ. ನಮ್ಮ ಮನೆಯಲ್ಲಿ ಶೀತವೆಂದರೆ ಮೂಗು ಸೋರುವುದು, ಕಷಾಯ, ಉಣ್ಣೆ ಟೋಪಿ. ಗಂಡನಿಗೆ ಆನೆ ಬಲ ಬಂತು. ಅಕ್ಕಿಪೇಟೆಯಿಂದ ಹಳೇ ಗೋಣಿಚೀಲದ ಕಟ್ಟು ತಂದು ಗೋಡೆಯ ಬುಡಕ್ಕೆ ಉದ್ದಕ್ಕೂ ಹೊದಿಸಿದರು. ಬಾಣಂತಿಯನ್ನೂ ಯಾರೂ ಇಷ್ಟು ಬೆಚ್ಚಗೆ ಇಟ್ಟುಕೊಂಡದ್ದನ್ನು ನಾನು ಕಂಡಿಲ್ಲ, ನನ್ನ ಎರಡು ಬಾಣಂತನದಲ್ಲಂತೂ ಇಲ್ಲವೇ ಇಲ್ಲ. ಸಾಂಬ್ರಾಣಿ ಹೊಗೆಯೊಂದು ಬಾಕಿ ಇತ್ತು.

ನಗುವ ಮಾತು ಅಲ್ಲಿಗೆ ಮುಗಿಯಿತು. ಗೋಡೆಯನ್ನು ನಂಬುವ ಹಾಗಿಲ್ಲ, ಅಮ್ಮ ಇನ್ನು ಮಲ್ಲೇಶ್ವರದಲ್ಲಿ ತಂಗಿಯ ಫ್ಲಾಟಿನಲ್ಲೇ ಇರಲಿ ಎಂದು ಗಂಡ ತೀರ್ಮಾನಿಸಿದರು. ಸಂಕ್ರಾಂತಿ ಕಳೆದ ಮೇಲೆ ಕಳಿಸುವುದೆಂದಾಯಿತು. ಅತ್ತೆ ಏನೂ ಅನ್ನಲಿಲ್ಲ. ಸಾರಿಗೆ ಒಂದು ಹರಳು ಉಪ್ಪು ಹೆಚ್ಚಾದರೆ ವಾರವಿಡೀ ಆಡಿ ತೋರಿಸುವ ಹೆಂಗಸು ಅವರು. ಹಾಗೆ ಸುಮ್ಮನೆ ಕೂತದ್ದು ಕಂಡು ನನಗೆ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಗೋಣಿಗಳನ್ನು ಬಿಸಿಲಿಗೆ ಹಾಕೋಣವೆಂದು ಎತ್ತಿದೆ. ಹಿಂಡಿದರೆ ನೀರು ಸುರಿಯಿತು. ಗೇಟಿನವರೆಗೆ ಅಂಗಳಕ್ಕೆಲ್ಲ ಮೇಲೆ ಶೀಟು, ಬೀದಿಯ ನೀರು ನುಗ್ಗದಂತೆ ಗೇಟಿನಡಿ ಕಟ್ಟೆ ಹಾಕಿಸಿದ್ದೇವೆ, ಮಳೆಗಾಲದಲ್ಲೂ ಒಂದು ಹನಿ ಬೀಳುವುದಿಲ್ಲ. ಈ ನೀರು ಎಲ್ಲಿಯದು ಎಂದು ನೋಡಲು ಮಾರನೆಯ ದಿನ ಬೆಳಕು ಹರಿಯುವ ಮೊದಲೇ ಎದ್ದು ಜಗಲಿಗೆ ಬಂದೆ.

ಧನುರ್ಮಾಸವಲ್ಲವೇ. ಅತ್ತೆ ಸೆರಗು ಸಿಕ್ಕಿಸಿಕೊಂಡು ಗೇಟಿನೊಳಗೆ ಬಕೆಟ್ಟುಗಟ್ಟಲೆ ನೀರು ಸುರಿದು ನೆಲ ತೊಳೆಯುತ್ತಿದ್ದರು. ಮಿಕ್ಕ ತಿಂಗಳುಗಳಲ್ಲಿ ಒಂದು ಚೊಂಬು ನೀರು ಚಿಮುಕಿಸಿ ನಾಲ್ಕೆಳೆ ರಂಗೋಲಿ ಎಳೆದು ಮುಗಿಸುವವರಿಗೆ ಈ ತಿಂಗಳು ಮಾತ್ರ ಇಡೀ ಅಂಗಳ ಬೇಕು. ಹಿಂದೆಲ್ಲ ಈ ವೈಭವ ಗೇಟಿನಾಚೆ, ಬೀದಿಯಲ್ಲಿ ನಡೆಯುತ್ತಿತ್ತು. ಈಗ ನಿಲ್ಲಿಸಲು ಜಾಗವಿಲ್ಲದೆ ಕಾರು ಕೊಂಡವರೆಲ್ಲ ನಮ್ಮ ಗೇಟಿನ ಮುಂದೆ ತಂದು ನಿಲ್ಲಿಸುತ್ತಾರೆ, ಹಾಗಾಗಿ ರಂಗೋಲಿ ಹಿಂದಿನ ವರ್ಷದಿಂದ ಒಳಗೆ ಬಂದಿತ್ತು. ಬೀದಿಯೋ, ಟಾರಿನ ಮೇಲೆ ಟಾರು ಬಿದ್ದು ಅಂಗಳಕ್ಕಿಂತ ಎತ್ತರವಾಗಿದೆ. ಸುರಿದ ನೀರು ಹೊರಗೆ ಹೋಗಲು ದಾರಿ ಕಾಣದೆ ಹಿಂದಕ್ಕೆ ಹರಿದು, ಗೋಣಿಯಡಿ ನುಗ್ಗಿ, ಮಣ್ಣುಗಾರೆಯ ಹಳೇ ಪಾಯಕ್ಕೆ ಇಳಿಯುತ್ತಿತ್ತು. ಪಾಯ ಅಲ್ಲಾಡಿಸಿದ್ದು ಚಳಿಯಲ್ಲ, ಚಳಿಗಾಲದ ಭಕ್ತಿ.

ಬಿರುಕಿಗೆ ಈ ನೀರೇ ಕಾರಣ ಎಂದು ಅತ್ತೆಗೆ ಹೇಳಿದೆ. ಮಗನಿಗೆ ಹೇಳಿ ಇವತ್ತೇ ಇದನ್ನು ನಿಲ್ಲಿಸಿದರೆ ಮಲ್ಲೇಶ್ವರದ ಮಾತೇ ಏಳುವುದಿಲ್ಲ ಎಂದೂ ವಿವರಿಸಿದೆ. ಶಾಲೆಯಲ್ಲಿ ಪಾಠ ಹೇಳಿ ಅಭ್ಯಾಸವಾದ ಬಾಯಿ, ಉತ್ತರ ಸಿಕ್ಕ ಮೇಲೆ ಸುಮ್ಮನಿರುವುದಿಲ್ಲ.

ಅವರು ಬಕೆಟ್ಟು ಕೆಳಗಿಟ್ಟರು.

"ಗೊತ್ತು ಕಣೇ. ಆ ಮೇಸ್ತ್ರಿ ಹೇಳ್ದಾಗ್ಲೇ ಗೊತ್ತಾಯ್ತು. ಅಡುಗೆ ನೀನ್ ಮಾಡ್ತೀಯ, ಪೂಜೆ ಅವ್ನು ಮಾಡ್ತಾನೆ. ನಂದು ಅಂತ ಉಳಿದಿರೋದು ಇದೊಂದು. ಇದನ್ನೂ ಬಿಡು ಅಂದ್ರೆ ನಾನು ಬೆಳಿಗ್ಗೆ ಯಾಕೆ ಏಳ್ಬೇಕು ಹೇಳು? ಇಲ್ಲಿದ್ದು ಬಿಡೋದಕ್ಕಿಂತ ಅಲ್ಲೇ ಹೋಗಿರ್ತೀನಿ. ಅಲ್ಲಿ ಹೇಗೂ ಮಗಳು ಬಾಗಿಲಿಗೆ ರಂಗೋಲಿ ಸ್ಟಿಕ್ಕರ್ ಅಂಟಿಸ್ಕೊಂಡಿದಾಳೆ."

ರಂಗೋಲಿ ಪುಡಿಯ ಬಟ್ಟಲನ್ನು ಅವರ ಕೈಗೆ ಕೊಟ್ಟೆ.

ಒಳಗೆ ಹೋದೆ. ಗಂಡ ಟೋಪಿ ಸರಿಮಾಡಿಕೊಳ್ಳುತ್ತಿದ್ದರು. "ನೀವು ಹೇಳಿದ್ದೇ ಸರಿ ಕಣ್ರೀ. ಚಳಿ ನೆಲದಿಂದ್ಲೇ ಪಾಯಕ್ಕೆ ಇಳೀತಿದೆ" ಎಂದೆ. ಗೋಣಿ ಸಾಲದು, ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿ, ಗೋಡೆಯಿಂದ ಪಕ್ಕದ ಮೋರಿಗೆ ಇಳಿಜಾರು ಕೊಟ್ಟರೆ ಚಳಿ ಒಳಗೆ ಹೋಗುವುದಿಲ್ಲ ಎಂದೆ. ಚಳಿಗೆ ಇಳಿಜಾರು ಏಕೆ ಬೇಕೆಂದು ಅವರು ಕೇಳಲಿಲ್ಲ. ಹೆಂಡತಿ ಒಪ್ಪಿದ ಸಂತೋಷದಲ್ಲಿ ಯಾವ ಗಂಡಸು ಪ್ರಶ್ನೆ ಕೇಳುತ್ತಾನೆ?

ಬೇರೆ ಮೇಸ್ತ್ರಿ ಬಂದು ಕೆಲಸ ಮುಗಿಸಿದ. ಮುಚ್ಚಿದ ಬಿರುಕು ಮತ್ತೆ ಬಿಡಲಿಲ್ಲ, ಅತ್ತೆಯೂ ಮಲ್ಲೇಶ್ವರಕ್ಕೆ ಹೋಗಲಿಲ್ಲ. ಪಾಯವನ್ನು ಚಳಿಯಿಂದ ಕಾಪಾಡುವುದು ಹೇಗೆಂದು ನನ್ನ ಗಂಡ ಬೀದಿಯವರಿಗೆಲ್ಲ ಉಪದೇಶ ಮಾಡುತ್ತಾರೆ. ಅತ್ತೆ ಹೂ ಕಟ್ಟುತ್ತಾ ಕೂತು, ಹೌದಪ್ಪ, ಈ ಚಳಿ ಬಹಳ ಕೆಟ್ಟದ್ದು ಅನ್ನುತ್ತಾರೆ. ಈ ಧನುರ್ಮಾಸದಲ್ಲಿ ಅವರು ನಾಲ್ಕು ಹೆಜ್ಜೆಗೊಮ್ಮೆ ನಿಂತು ಸುಧಾರಿಸಿಕೊಳ್ಳುವುದನ್ನು ಕಂಡು, ನೀರನ್ನಾದರೂ ನಾನು ಹಾಕುತ್ತೇನೆಂದು ಬಕೆಟ್ಟಿಗೆ ಕೈ ಹಾಕಿದೆ. ಕೊಡಲಿಲ್ಲ.